‘ಫೆಷ್’ ಶಬ್ದದ ನಿಷ್ಪತ್ತಿ

ಆಸ್ಟ್ರಿಯಾದಲ್ಲಿಯೂ ಜರ್ಮನಿಯ ಬವೇರಿಯಾ ಪ್ರಾಂತದಲ್ಲಿಯೂ ಆಡುವ ಜರ್ಮನ್ ನುಡಿಯಲ್ಲಿ ‘ಫೆಷ್’ ಎಂಬ ವಿಶೇಷಣವೊಂದುಂಟು. ಒಪ್ಪವಾಗಿ ಉಡುಪು ಧರಿಸಿ ನೋಟಕ್ಕೆ ಸೊಗಸಾಗಿರುವ ತರುಣ ತರುಣಿಯರಿಗೆ ಅದು ಸಲ್ಲುವುದು. ಸಂಸ್ಕೃತವನ್ನೋದಿದವನಿಗೆ ಇದನ್ನು ಕೇಳಿದೊಡನೆ ‘ಪೇಶಲ’ ಶಬ್ದವು ನೆನಪಿಗೆ ಬಾರದಿರದು. ಅರ್ಥವು ಒಪ್ಪುತ್ತದೆ, ನಮ್ಮ ಪಕಾರಕ್ಕೆ ಜರ್ಮನಿನಲ್ಲಿ ಫಕಾರವು ಬರುವುದಕ್ಕೆ ‘ಪಿತೃ’–‘ಫಾಟರ್’ ಸಾಕ್ಷಿಯಾಗಿದೆ. ಅರ್ಥವೇ ಪ್ರಧಾನ, ಒಂದಕ್ಷರದ ಸಾಮ್ಯದಿಂದಲಾದರೂ ನಿರ್ವಚನ ಮಾಡಬೇಕು ಎಂದು ಬಗೆದ ಯಾಸ್ಕನು ಇಷ್ಟಕ್ಕೇ ತೃಪ್ತನಾಗುತ್ತಿದ್ದನೇನೋ!

ಆದರೆ ಈ ನಿಷ್ಪತ್ತಿಯು ನಿಲ್ಲತಕ್ಕದ್ದಲ್ಲ. ಯಾಕೋಬ್ ಗ್ರಿಮ್ಮನು 1822ರಲ್ಲಿ ನಿರೂಪಿಸಿದ ವ್ಯಂಜನಪರಿವರ್ತನದ ನಿಯಮವನ್ನು ಮೊದಲಕ್ಷರಕ್ಕೆ ಹಚ್ಚಿ ಎರಡನೆಯದಕ್ಕೆ ಬಿಟ್ಟುಬಿಡುವುದು ನ್ಯಾಯವಲ್ಲ. ‘ಪೇಶ’ದಲ್ಲಿರುವ ಶಕಾರಕ್ಕೆ ಆ ಭಾಷೆಗಳಲ್ಲಿ ಹಕಾರವೇ ಪ್ರತಿರೂಪ: ‘ಶತ’ಕ್ಕೆ ‘ಹುಂಡರ್ಟ್’, ‘ಶ್ವನ್’ ಎಂಬುದಕ್ಕೆ ‘ಹುಂಡ್’. ಹಾಗಾದರೆ ‘ಪೇಶ’ದ ಜ್ಞಾತಿಯನ್ನು ಹಕಾರವುಳ್ಳ ಶಬ್ದದಲ್ಲಿ ಅರಸಬೇಕು. ಅದು ದೊರೆಯುತ್ತದೆ ಕೂಡ. ಪ್ರಾಚೀನ ಜರ್ಮನಿನ ‘ಫೇಹ್’, ಎಂದರೆ ಬಣ್ಣಬಣ್ಣವಾದುದು. ಇಂದು ಆ ಹೆಸರು ಬೂದುಬಣ್ಣದ ಅಳಿಲಿನ ತುಪ್ಪುಳುದೊಗಲಿಗೆ ಉಳಿದಿದೆ. ‘ಫೆಷ್’ ಈ ಕುಲದ್ದಲ್ಲ.

ಅದು ಪ್ರಾಚೀನವೂ ಅಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ವಿಯೆನ್ನಾ ನಗರದವರು ಆಂಗ್ಲರ ‘ಫ್ಯಾಷನಬಲ್’ ಎಂಬುದನ್ನು ಮೊಟಕುಮಾಡಿಕೊಂಡರು. ಉಳಿದ ತುಂಡೇ ‘ಫೆಷ್’. ಆಂಗ್ಲ ಶಬ್ದವು ಫ್ರೆಂಚರ ‘ಫಾಸೋಂ’ ಎಂಬುದರಿಂದಲೂ, ಅದು ‘ಮಾಡು’ ಎಂಬರ್ಥದ ಲ್ಯಾಟಿನ್ ಧಾತುವಿನಿಂದಲೂ ಬಂದುವು. ಆ ಲ್ಯಾಟಿನ್ ಧಾತುವಿನ ಆದಿಯ ಫಕಾರಕ್ಕೆ ಸಂಸ್ಕೃತದಲ್ಲಿ ಧಕಾರವು ಪ್ರತಿರೂಪವೆಂಬುದು ‘ಧೂಮ’–‘ಫೂಮುಸ್’ ಎಂಬಲ್ಲಿ ಸ್ಪಷ್ಟ. ಆದುದರಿಂದ ಅದು ನಮ್ಮ ‘ಧಾ’ ಧಾತುವೇ. ‘ಫಾಸೋಂ’ ಎಂದರೆ ರೀತಿ. ‘ಧಾ’ ಧಾತುವಿನಿಂದಲೇ ಹುಟ್ಟಿದ ನಮ್ಮ ‘ವಿಧಾನ’ಕ್ಕೂ ಅದೇ ಅರ್ಥವಿರುವುದು ಗಮನಾರ್ಹ. ಸಂಸ್ಕೃತದ ಸಂಬಂಧವು ಕೊನೆಗೂ ಇದ್ದೇ ಇದೆ, ಆದರೆ ಬೇರೊಂದು ಬಾಗಿಲಿನಿಂದ.

ಅದೇ ಧಾತುವು ಜರ್ಮನಿನಲ್ಲಿ ‘ಟೂನ್’ (ಮಾಡು) ಎಂದು ಪಿತ್ರಾರ್ಜಿತವಾಗಿಯೂ, ‘ಫಾಸೋನ್’ ಎಂದು ಫ್ರೆಂಚರಿಂದಲೂ, ‘ಫೆಷ್’ ಎಂದು ಆಂಗ್ಲರಿಂದಲೂ ಮೂರು ವೇಳೆ ಬಂದು ಸೇರಿದೆ. ಬರಿಯ ಧ್ವನಿಸಾಮ್ಯವನ್ನು ನೆಚ್ಚಿದವನಿಗೆ ಇವು ಮೂರೂ ಪರಸ್ಪರ ಅಪರಿಚಿತರಾಗಿಯೇ ಉಳಿದಾವು. ಶಬ್ದವು ಯಾವ ಕಾಲದಲ್ಲಿ, ಯಾರ ಬಾಯಿಂದ ಬಂದಿತೆಂಬುದನ್ನು ಮೊದಲು ವಿಚಾರಿಸಿ, ಆ ಬಳಿಕ ಧಾತುವಿಗೆ ಕೈಯಿಡುವುದು ಲೇಸು.

ವಿಯೆನ್ನಾದವರು ಈ ಎರವಲನ್ನು ಎಷ್ಟು ತಮ್ಮದಾಗಿಸಿಕೊಂಡರೆಂದರೆ, ಸ್ಲಾವ್ ಭಾಷೆಗಳ ‘ಆಕ್’ ಪ್ರತ್ಯಯವನ್ನು ಹಚ್ಚಿ, ಸೊಗಸುಗಾರನಿಗೆ ‘ಫೆಷಾಕ್’ ಎಂದು ಹೆಸರಿಟ್ಟಿದ್ದಾರೆ.