ವಿಕ್ಕಿ ಡೋನರ್‌ನಲ್ಲಿ ಕಾಣದ ಗಂಡ

ವೀರ್ಯದಾನ ಅನ್ನೋ ವಿಷಯವನ್ನು ಅತ್ತೆ-ಸೊಸೆ ಒಟ್ಟಿಗೆ ಕೂತು ನೋಡುವ ಸಿನಿಮಾದೊಳಗೆ ತಂದಿದ್ದು 2012ರ ಹಿಂದಿ ಚಿತ್ರ ‘ವಿಕ್ಕಿ ಡೋನರ್’. ಶೂಜಿತ್ ಸರ್ಕಾರ್ ನಿರ್ದೇಶನ, ಜೂಹಿ ಚತುರ್ವೇದಿ ಬರವಣಿಗೆ. ಆ ಧೈರ್ಯಕ್ಕೆ ಮೊದಲು ಒಂದು ಸಲಾಂ. ಅನ್ನು ಕಪೂರ್ ಮಾಡಿದ ಡಾಕ್ಟರ್ ಚಡ್ಡಾನನ್ನು ಈಗ ನೋಡಿದ್ರೂ ನಗು ಬರ್ತದೆ. ಆದರೆ ನಗು ಮುಗಿದ ಮೇಲೆ ಒಂದು ತಕರಾರು ಉಳೀತದೆ. ಇಷ್ಟೆಲ್ಲಾ ಯಾರಿಗಾಗಿ ನಡೀತಿದೆಯೋ, ಆ ಮಕ್ಕಳಾಗದ ಗಂಡ ಈ ಸಿನಿಮಾದಲ್ಲಿ ಎಲ್ಲಿದ್ದಾನೆ?

ಚಡ್ಡಾ ವಿಕ್ಕಿಯನ್ನು ನೋಡೋದು ನಮ್ಮ ಸಂತೆಯಲ್ಲಿ ದಲ್ಲಾಳಿ ಎತ್ತಿನ ಹಲ್ಲು ನೋಡಿದ ಹಾಗೆ. ನಾನು ಖಾನಾಪುರ ತಾಲೂಕಿನ ಹಳ್ಳಿಯವನು. ದನದ ಡಾಕ್ಟರು ಮೈನಸ್ 196 ಡಿಗ್ರಿಯ ನೈಟ್ರೋಜನ್ ಕ್ಯಾನಿನಿಂದ ಕಡ್ಡಿಯಂಥ ನಳಿಗೆ ತೆಗೆಯೋದನ್ನು ನೋಡುತ್ತಲೇ ಬೆಳೆದವನು. ಅದರ ಮೇಲೆ ಹೋರಿಯ ನಂಬರು, ತಳಿ ಅಚ್ಚಾಗಿರ್ತದೆ. ಆಕಳಿನ ವಿಷಯದಲ್ಲಿ ಅದು ಸರಿ, ಅಲ್ಲಿ ಬೇಕಾಗಿರೋದು ಹಾಲು. ಸಿನಿಮಾ ಅದೇ ಲೆಕ್ಕವನ್ನು ಮನುಷ್ಯರಿಗೆ ಹಾಕ್ತದೆ. ಒಳ್ಳೇ ತಳಿಯ ಪಂಜಾಬಿ ಹುಡುಗ, ಅವನಿಂದ 53 ಮಕ್ಕಳು!

ಇವತ್ತಿನ ಕಾನೂನಿನಲ್ಲಿ ಈ ಕತೆ ನಡೆಯೋದೇ ಇಲ್ಲ. 2021ರ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ನೋಂದಾಯಿತ ಬ್ಯಾಂಕ್ ಮಾತ್ರ ವೀರ್ಯ ಸಂಗ್ರಹಿಸಬಹುದು. ದಾನಿಯ ವಯಸ್ಸು 21ರಿಂದ 55ರೊಳಗಿರಬೇಕು. ಎಚ್‌ಐವಿ, ಹೆಪಟೈಟಿಸ್‌ನಂಥ ರೋಗಗಳ ತಪಾಸಣೆ ಆಗಲೇಬೇಕು. ಒಬ್ಬ ದಾನಿಯ ವೀರ್ಯ ಒಂದಕ್ಕಿಂತ ಹೆಚ್ಚು ದಂಪತಿಗೆ ಹೋಗುವಂತಿಲ್ಲ. ಹುಟ್ಟಿದ ಮಗುವಿನ ಮೇಲೆ ದಾನಿಗೆ ಯಾವ ಹಕ್ಕೂ ಇಲ್ಲ. ಆ ಮಗು ದಂಪತಿಯದೇ ಜೈವಿಕ ಮಗು ಅಂತ ಕಾಯ್ದೆ ನೇರವಾಗಿ ಹೇಳ್ತದೆ. ಆಸ್ತಿಯೂ ಸೇರಿ ಎಲ್ಲ ಹಕ್ಕೂ ಅದಕ್ಕಿದೆ.

ಕಾನೂನಿಗೆ ಅಪ್ಪ ಯಾರು ಅನ್ನೋದರಲ್ಲಿ ಅನುಮಾನವಿಲ್ಲ. ಅನುಮಾನ ಇರೋದು ನಮಗೆ.

ನಮ್ಮ ಕಡೆ ಮದುವೆಯಾಗಿ ಎರಡು ವರ್ಷಕ್ಕೆ ಶುರುವಾಗ್ತದೆ: “ಏನ್ ತಂಗಿ, ಇನ್ನೂ ಏನೂ ಸುದ್ದಿ ಇಲ್ಲೇನ?” ಪ್ರಶ್ನೆ ಯಾವಾಗಲೂ ತಂಗಿಗೇ, ತಮ್ಮನಿಗಲ್ಲ. ಸವದತ್ತಿ ಎಲ್ಲಮ್ಮನಿಗೆ ಹರಕೆ ಅವಳದೇ, ಬೆಳಗಾವಿಗೆ ಬಸ್ ಹತ್ತಿ ಹೋಗಿ ಸ್ಕ್ಯಾನ್ ಮಾಡಿಸಿಕೊಳ್ಳೋಳೂ ಅವಳೇ. ಗಂಡನ ವೀರ್ಯ ಪರೀಕ್ಷೆ ಇರೋದರಲ್ಲೇ ಸುಲಭದ್ದು, ಸೂಜಿ ಚುಚ್ಚೋದೂ ಇಲ್ಲ. ಆದರೂ ಅದರ ಸರದಿ ಬರೋದು ಎಲ್ಲಾ ಮುಗಿದ ಮೇಲೆ. ವೀರ್ಯದಲ್ಲಿ ವೀರ್ಯಾಣು ಇಲ್ಲದಿರೋದು ಬೇರೆ, ಗಂಡಸ್ತನ ಇಲ್ಲದಿರೋದು ಬೇರೆ. ಇಷ್ಟು ಸಣ್ಣ ವ್ಯತ್ಯಾಸ ಬಿಡಿಸಿ ಹೇಳೋರಿಲ್ಲದೆ ಎಷ್ಟು ಗಂಡಸರು ಆ ರಿಪೋರ್ಟನ್ನು ಮಡಚಿ ಜೇಬಿಗಿಟ್ಟುಕೊಂಡು, ಹೆಂಡತಿ ಬಂಜೆ ಅನ್ನಿಸಿಕೊಳ್ಳೋದನ್ನು ನೋಡ್ತಾ ಸುಮ್ಮನಿದ್ದಾರೋ.

ಇದನ್ನು ಹೇಳೋಕೆ ‘ವಿಕ್ಕಿ ಡೋನರ್’ಗೆ ಅವಕಾಶ ಇತ್ತು. ದಂಪತಿಗಳು ಕ್ಲಿನಿಕ್ಕಿಗೆ ಬರ್ತಾರೆ, ಹೋಗ್ತಾರೆ. ಕತೆ ಅವರ ಮನೆಯೊಳಗೆ ಹೋಗೋದೇ ಇಲ್ಲ. ಕೊನೆಯಲ್ಲಂತೂ ಇನ್ನೂ ದೊಡ್ಡ ಎಡವಟ್ಟು. ವಿಕ್ಕಿಯ ಹೆಂಡತಿಗೆ ಮಕ್ಕಳಾಗೋದಿಲ್ಲ, ಇಬ್ಬರೂ ದತ್ತು ತಗೋತಾರೆ. ಯಾರನ್ನು? ವಿಕ್ಕಿಯದೇ ವೀರ್ಯದಿಂದ ಹುಟ್ಟಿ ತಂದೆ-ತಾಯಿ ಕಳಕೊಂಡ ಮಗುವನ್ನು. ಎರಡು ಗಂಟೆ ‘ರಕ್ತ ಮುಖ್ಯ ಅಲ್ಲ’ ಅಂತ ಹೇಳಿದ ಸಿನಿಮಾ, ಕಡೆಗೆ ರಕ್ತಕ್ಕೇ ಶರಣಾಗ್ತದೆ.

ಕನ್ನಡದಲ್ಲಿ ಇದೇ ಗಂಟನ್ನು ಬಹಳ ಮೊದಲೇ ಬಿಚ್ಚಿದ್ದು ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ (1965). ಅಲ್ಲಿ ಬ್ಯಾಂಕೂ ಇಲ್ಲ, ಕಾಯ್ದೆಯೂ ಇಲ್ಲ. ಆಸ್ತಿ ತಮ್ಮನ ಪಾಲಾಗಬಾರದು ಅಂತ ಹೆಂಡತಿಗೆ ಬೇರೊಬ್ಬನಿಂದ ಮಗು ಮಾಡಿಸಿದ ಮನೆತನ ಇದೆ. ಆ ಮಗುವೇ ಶ್ರೀನಿವಾಸ ಶ್ರೋತ್ರಿ. ಇಡೀ ಬದುಕನ್ನು ವಂಶದ ಮೇಲೆ ಕಟ್ಟಿದ ಮನುಷ್ಯನಿಗೆ ಇದು ಗೊತ್ತಾಗೋದು ಮುಪ್ಪಿನಲ್ಲಿ. ಆಸ್ತಿ ತನ್ನದಲ್ಲ ಅಂದುಕೊಂಡು ಮನೆ ಬಿಟ್ಟು ಹೊರಡ್ತಾರೆ. ಸಿನಿಮಾದ 53 ಮಕ್ಕಳು ನಕ್ಕು ಸುಮ್ಮನಾಗ್ತಾರೆ, ಕಾದಂಬರಿಯ ಒಂದು ಮಗು ಪ್ರಶ್ನೆ ಕೇಳ್ತದೆ. ಅದಕ್ಕೇ ನನಗೆ ಕಾದಂಬರಿ ದೊಡ್ಡದು ಅನ್ನಿಸೋದು.

ಆದರೆ ಶ್ರೋತ್ರಿಗಳ ತೀರ್ಮಾನ ನಾನು ಒಪ್ಪೋದಿಲ್ಲ. ಅವರನ್ನು ಮುರಿದಿದ್ದು ಬೇರೆಯವನ ವೀರ್ಯ ಅಲ್ಲ, ಅದನ್ನು ಬಚ್ಚಿಟ್ಟ ಮನೆ. ಇವತ್ತು ಗುಟ್ಟು ಉಳಿಸೋದು ಇನ್ನೂ ಕಷ್ಟ. ಡಿಎನ್‌ಎ ಪರೀಕ್ಷೆಯ ಕಿಟ್ ಮನೆಬಾಗಿಲಿಗೇ ಬರುವ ಕಾಲ. ಮಗು ಮೂವತ್ತಕ್ಕೆ ಲ್ಯಾಬಿನಿಂದ ತಿಳಿಯೋ ಬದಲು ಆರು-ಏಳಕ್ಕೇ ಅಪ್ಪನ ಬಾಯಿಂದ ಕೇಳಲಿ.

ನನಗೆ ಬೇಕಾದ ಸಿನಿಮಾ ಅದು. ಖಾನಾಪುರದ ಮನೆಯ ಪಡಸಾಲೆಯಲ್ಲಿ ಒಬ್ಬ ಗಂಡ ತನ್ನ ಅವ್ವನ ಎದುರು ಕೂತು, “ತೊಂದರಿ ಇರೋದು ಆಕಿಗಲ್ಲವ್ವ, ನನಗ” ಅನ್ನಬೇಕು. ಕ್ಲಿನಿಕ್ಕಿನ ಕಾಮಿಡಿ ಆಮೇಲೆ ಎಷ್ಟಾದ್ರೂ ಇರಲಿ.