ಶುದ್ಧಿಯೂ ಸಹನೆಯೂ: ಲೇಸರ್ ಲೇಪನಗಳನ್ನು ಕುರಿತ ಒಂದು ವಿಮರ್ಶೆ

ಮಾಲಿನ್ಯವು ದೋಷವೆಂದೂ ನೈರ್ಮಲ್ಯವು ಗುಣವೆಂದೂ ಭಾವಿಸುವುದು ಲೋಕರೂಢಿ. ಬೆಳಕಿನ ಶಾಸ್ತ್ರದ ಚರಿತ್ರೆಯಾದರೋ ಈ ರೂಢಿಯನ್ನು ಹಿಂದೆಯೇ ಸಂಶಯಕ್ಕೆ ಗುರಿಮಾಡಿದೆ. 1892ರಲ್ಲಿ ಇಂಗ್ಲೆಂಡಿನ ಡೆನ್ನಿಸ್ ಟೇಲರ್ ಎಂಬ ಮಸೂರತಜ್ಞನು, ಕಾಲಕ್ರಮದಲ್ಲಿ ಮಾಸಿದ ಮಸೂರಗಳು ಹೊಸವುಗಳಿಗಿಂತ ಹೆಚ್ಚು ಬೆಳಕನ್ನು ಸಾಗಿಸುವುದನ್ನು ಕಂಡನು. ಗಾಜಿನ ಮೇಲೆ ತಾನಾಗಿ ಮೂಡಿದ ತೆಳುಪೊರೆಯು ಪ್ರತಿಫಲನವನ್ನು ತಗ್ಗಿಸಿದುದೇ ಇದಕ್ಕೆ ಕಾರಣ. ಇಂದು ಬುದ್ಧಿಪೂರ್ವಕವಾಗಿ ಹಚ್ಚುವ ಲೇಪನಗಳಿಗೆ ಆ ಮಾಸಿದ ಗಾಜೇ ಪೂರ್ವಸೂಚನೆಯೆನ್ನಬಹುದು.

1960ರಲ್ಲಿ ಮೈಮನ್ ಎಂಬ ವಿಜ್ಞಾನಿಯು ಮೊದಲ ಲೇಸರನ್ನು ಬೆಳಗಿಸಿದ ಮೇಲೆ, ಲೇಪನವು ಎಷ್ಟು ಬೆಳಕನ್ನು ಸಾಗಿಸುವುದೆಂಬ ಪ್ರಶ್ನೆಯೊಡನೆ ಎಷ್ಟು ಬೆಳಕನ್ನು ಸಹಿಸುವುದೆಂಬ ಪ್ರಶ್ನೆಯೂ ಹುಟ್ಟಿತು. ಮೇಲ್ಮೈಯಲ್ಲಿ ಕುಳಿತ ಧೂಳಿನ ಕಣವು ಪ್ರಬಲ ಕಿರಣವನ್ನು ಹೀರಿ ಕ್ಷಣಾರ್ಧಕ್ಕೂ ಕಡಿಮೆ ಕಾಲದಲ್ಲಿ ಕಾದು ಸಿಡಿಯುವುದು. ಅಲ್ಲಿ ಉಂಟಾದ ಕುಳಿಯು ಮುಂದಿನ ಸ್ಪಂದಗಳಿಂದ ಬೆಳೆಯಲೂಬಹುದು. ಇದರಿಂದ, ತೊಳೆದಷ್ಟೂ ಬಾಳಿಕೆಯೆಂಬ ಮತವು ಸುಲಭವಾಗಿ ಹೊರಡುವುದು. ಈ ಮತವು ಅರ್ಧಸತ್ಯವೆಂಬುದನ್ನು ಮೂರು ಅಂಶಗಳಿಂದ ತಿಳಿಯಬಹುದು.

ಮೊದಲನೆಯದಾಗಿ, ಶುದ್ಧೀಕರಣವೆಂಬ ಒಂದೇ ಹೆಸರಿನ ಕೆಳಗೆ ಹಲವು ಕ್ರಿಯೆಗಳು ಅಡಗಿವೆ. ದ್ರಾವಕದಲ್ಲಿ ನೆನೆಸಿದ ಮೃದುವಾದ ಕಾಗದದಿಂದ ಒರಸಿದರೆ ಕಣವು ಹೋಗಬಹುದು. ಅದೇ ಕಣವು ಕಾಗದದೊಡನೆ ಎಳೆಯಲ್ಪಟ್ಟು ಗೀರನ್ನೂ ಬಿಡಬಹುದು. ಅಶುದ್ಧವಾದ ದ್ರಾವಕವು ಆರಿದ ಮೇಲೆ ಕಲೆಯನ್ನು ಉಳಿಸುವುದು. 1980ರ ದಶಕದಿಂದ ಅಮೆರಿಕದ ಲಿವರ್‌ಮೋರ್ ಪ್ರಯೋಗಶಾಲೆಯ ಲೇಸರುಗಳಲ್ಲಿ ಬಳಕೆಗೆ ಬಂದ, ಸಿಲಿಕದ ಸೂಕ್ಷ್ಮಗೋಲಗಳಿಂದಾದ ಸರಂಧ್ರ ಲೇಪನವು ಕಿರಣವನ್ನು ಚೆನ್ನಾಗಿ ಸಹಿಸುವುದಾದರೂ ಒರಸುವ ಕೈಯನ್ನು ಸಹಿಸದು. ಸುತ್ತಲಿನ ಎಣ್ಣೆಯ ಆವಿಯನ್ನು ಹೀರಿದರೆ ಅದರ ಗುಣವೇ ಕೆಡುವುದು. ಇಂಥ ಲೇಪನಕ್ಕೆ ತೊಳೆಯುವುದಕ್ಕಿಂತ ಕೊಳೆಯಾಗದಂತೆ ಕಾಯುವುದೇ ಲೇಸು.

ಎರಡನೆಯದು ಕಾಲದ ವಿಚಾರ. ಹ್ಯಾಫ್ನಿಯಮ್ ಆಕ್ಸೈಡ್ ಮತ್ತು ಸಿಲಿಕಗಳ ಪದರಗಳನ್ನು ಒಂದರ ಮೇಲೊಂದರಂತೆ ಕೂಡಿಸಿ ದರ್ಪಣವನ್ನು ರಚಿಸುವಾಗ, ಅಡಿಯ ಗಾಜಿನ ಮೇಲೆ ಉಳಿದ ಕಣದ ಸುತ್ತ ಪದರಗಳು ಗಂಟಿನಂತೆ ಉಬ್ಬಿ ಬೆಳೆಯುವುವು. ಕಿರಣದ ವಿದ್ಯುತ್‌ಕ್ಷೇತ್ರವು ಆ ಗಂಟಿನೊಳಗೆ ತೀವ್ರಗೊಂಡು ಅಲ್ಲಿಯೇ ಸ್ಫೋಟವಾಗುವುದು. ಲೇಪನವಾದ ಮೇಲೆ ಎಷ್ಟು ತೊಳೆದರೂ ಈ ದೋಷವು ಹೋಗದು. ಮಾತೃಪ್ರತಿಯಲ್ಲಿಯೇ ಹೊಕ್ಕ ಅಪಪಾಠವು ಓಲೆಯ ಧೂಳನ್ನು ಒರಸಿದ ಮಾತ್ರಕ್ಕೆ ತಿದ್ದಿಹೋಗದೆಂಬುದನ್ನು ಗ್ರಂಥಸಂಪಾದಕರು ಬಲ್ಲರು. ಆದುದರಿಂದ ಲೇಪನಕ್ಕೆ ಪೂರ್ವದ ಶುದ್ಧಿಯನ್ನೂ ಅನಂತರದ ಶುದ್ಧಿಯನ್ನೂ ಒಂದೇ ಮಾತಿನಲ್ಲಿ ಹೇಳುವುದು ಅಸಮಂಜಸ.

ಮೂರನೆಯದು ಪರಿಭಾಷೆಗೆ ಸೇರಿದುದು. ಲೇಪನವು ಕೆಡಲಾರಂಭಿಸುವ ಮಟ್ಟವನ್ನು ಶಾಸ್ತ್ರಜ್ಞರು ಹಾನಿಯ ಹೊಸ್ತಿಲೆನ್ನುವರು. ಮನೆಯ ಹೊಸ್ತಿಲು ಒಂದು ನಿಶ್ಚಿತವಾದ ಗೆರೆ. ದಾಟಿದವನು ಒಳಗೆ, ದಾಟದವನು ಹೊರಗೆ. ಲೇಪನದ ಹೊಸ್ತಿಲಾದರೋ ಸಂಭವನೀಯತೆಯಿಂದ ಊಹಿಸಿದ ಅಂಕ. ದೋಷಗಳು ವಿರಳವಾಗಿರುವ ಮೇಲ್ಮೈಯನ್ನು ಸಣ್ಣ ಕಿರಣಬಿಂದುವಿನಿಂದ ಪರೀಕ್ಷಿಸಿದರೆ ಬಿಂದುವು ದೋಷಗಳ ನಡುವೆ ಬಿದ್ದು ಅಂಕವು ಸುಳ್ಳಾಗಿ ಏರುವುದು. 2011ರಲ್ಲಿ ಪ್ರಕಟವಾದ ಐಎಸ್‌ಒ 21254 ಎಂಬ ಅಂತರರಾಷ್ಟ್ರೀಯ ಮಾನಕವು ಪರೀಕ್ಷಾಕ್ರಮವನ್ನು ಗೊತ್ತುಪಡಿಸಿದುದು ಇಂಥ ಗೊಂದಲಗಳ ನಿವಾರಣೆಗೆ ನೆರವಾಗಿದೆ. ತರಂಗಾಂತರ, ಸ್ಪಂದದ ಅವಧಿ, ಬಿಂದುವಿನ ಅಳತೆ, ಸ್ಪಂದಗಳ ಸಂಖ್ಯೆ ಇವನ್ನು ಹೇಳದೆ, ಅದೇ ಲೇಪನದ ತೊಳೆಯದ ಮಾದರಿಯೊಡನೆ ಹೋಲಿಸದೆ, ತೊಳೆದುದರಿಂದ ಸಹನೆಯು ಹೆಚ್ಚಿತೆನ್ನುವ ವಾಕ್ಯಕ್ಕೆ ಪ್ರಮಾಣವಿಲ್ಲ.

ಇದು ಬರಿಯ ಶಬ್ದವಿಚಾರವೆಂದು ಉಪೇಕ್ಷಿಸತಕ್ಕುದಲ್ಲ. ಲಿವರ್‌ಮೋರಿನ ಮಹಾಲೇಸರಿನಲ್ಲಿ 192 ಕಿರಣಗಳಿವೆ. ಒಂದೊಂದು ಕಿರಣವೂ ಹಲವು ದರ್ಪಣ ಮಸೂರಗಳನ್ನು ಹಾದುಹೋಗಬೇಕು. ಒಂದರ ಮೇಲಿನ ಕುಳಿಯು ಕಿರಣವನ್ನು ಕದಡಿ ಮುಂದಿನದಕ್ಕೂ ಹಾನಿಯನ್ನು ತರಬಲ್ಲದು. ಅಲ್ಲಿ ಅವಿವೇಕದ ಶುದ್ಧಿಯು ಕೊಳೆಯಷ್ಟೇ ದುಬಾರಿ. ಯಾವ ಮೇಲ್ಮೈಯನ್ನು, ಯಾವ ಹಂತದಲ್ಲಿ, ಯಾವ ವಿಧಾನದಿಂದ ಶುದ್ಧಿಗೊಳಿಸಲಾಯಿತೆಂಬುದನ್ನು ಅರಿತ ಮೇಲೆಯೇ ಅದರ ಫಲವನ್ನು ನಿರ್ಣಯಿಸುವುದು ಯುಕ್ತ.