ಮೌನದ ದೇವರು, ಮಾತಾಡುವ ಶರಣರು

ಬಸವ ಜಯಂತಿ ಬಂತೆಂದರೆ ಬಸವೇಶ್ವರನಗರ, ವಿಜಯನಗರ, ರಾಜಾಜಿನಗರದ ಬೀದಿಗಳಲ್ಲಿ ಧ್ವನಿವರ್ಧಕದಿಂದ ವಚನಗಳು ಮೊಳಗುತ್ತವೆ. ಫ್ಲೆಕ್ಸಿನ ಮೇಲೆ, ಆಮಂತ್ರಣ ಪತ್ರಿಕೆಯಲ್ಲಿ, ವಾಟ್ಸಾಪಿನಲ್ಲಿ ಕಾಣುವವು ಹೆಚ್ಚಾಗಿ ನೀತಿ ಹೇಳುವ ವಚನಗಳೇ. ಎದೆಗುಂದಿದವನ ವಚನ, ದೇವರನ್ನು ಕೂಗಿ ಉತ್ತರ ಸಿಗದವಳ ವಚನ ಅಲ್ಲಿ ಅಪರೂಪ. ನಮ್ಮ ಪರಂಪರೆ ಹತಾಶೆಯ ಬಗ್ಗೆ ಕಂಡುಕೊಂಡ ಬಹು ದೊಡ್ಡ ಸತ್ಯವನ್ನು ನಾವು ಹೀಗೆ ಬದಿಗೆ ಸರಿಸುತ್ತಿದ್ದೇವೆ ಎಂಬುದು ನನ್ನ ಆಕ್ಷೇಪ.

ಸಂಕಟದಲ್ಲಿ ದೇವರ ಮೆಲುದನಿ ಕೇಳಿಸುತ್ತದೆಯೆ? ಬೈಬಲಿನ ಎಲೀಯ ಸಾವನ್ನೇ ಬೇಡುವಷ್ಟು ಸೋತು ಹೋರೇಬ್ ಬೆಟ್ಟ ಸೇರಿದಾಗ ಗಾಳಿ, ಭೂಕಂಪ, ಬೆಂಕಿ ದಾಟಿದ ಮೇಲೆ ಆ ದನಿ ಕೇಳುತ್ತಾನೆ. ಉಡುಪಿಯ ಕನಕನ ಕಿಂಡಿಯ ಕಥೆಯಲ್ಲಿ ಕೃಷ್ಣ ಭಕ್ತನತ್ತ ತಿರುಗಿ ನಿಲ್ಲುತ್ತಾನೆ. ಹರಿಹರನ ‘ಬಸವರಾಜದೇವರ ರಗಳೆ’ಯಲ್ಲೂ ಸಂಗಮನಾಥ ಕನಸಿನಲ್ಲಿ ಬಂದು, ಕೂಡಲಸಂಗಮ ಬಿಟ್ಟು ಬಿಜ್ಜಳನ ಮಂಗಳವಾಡಕ್ಕೆ ಹೋಗೆಂದು ಬಸವಣ್ಣನಿಗೆ ಹೇಳುತ್ತಾನೆ. ಬಸವಣ್ಣ ಕಂಗೆಟ್ಟು ಗೋಳಾಡುತ್ತಾನೆ. ದೇವರು ಸಮಾಧಾನ ಹೇಳುತ್ತಾನೆ.

ಆದರೆ ಹರಿಹರನನ್ನು ಮಡಿಸಿಟ್ಟು ಬಸವಣ್ಣನ ವಚನಗಳನ್ನೇ ತೆರೆದರೆ ಚಿತ್ರ ಬದಲಾಗುತ್ತದೆ. ವಚನಕ್ಕೆ ವಚನ ಕೂಡಲಸಂಗಮದೇವನನ್ನು ಕರೆದು ಮುಗಿಯುತ್ತದೆ. ಕರೆ ಇದೆ, ಓಗೊಡುವ ದನಿಯಿಲ್ಲ. ಅಲ್ಲಿ ಇಲ್ಲಿ ಅಲೆಯದಂತೆ ತನ್ನನ್ನು ಹೆಳವನನ್ನಾಗಿ ಮಾಡು, ಕಣ್ಣು ಚಂಚಲವಾಗದಂತೆ ಕುರುಡನನ್ನಾಗಿ ಮಾಡು ಎಂದು ಬೇಡುವ ಪ್ರಸಿದ್ಧ ವಚನವನ್ನು ನೋಡಿ. ಅಲ್ಲಿ ಬಸವಣ್ಣ ಕಿವುಡುತನವನ್ನೂ ಬೇಡುತ್ತಾನೆ. ಕೊನೆಗೆ ಅವನು ಕೇಳುವುದು ದೇವರ ದರ್ಶನವನ್ನಲ್ಲ, ದೇವರ ದನಿಯನ್ನೂ ಅಲ್ಲ. ಶರಣರ ಪಾದದ ಬಳಿ ಒಂದು ಜಾಗವನ್ನು. ಇದು ವಿನಯ ಮಾತ್ರವಲ್ಲ, ನಿಲುವು ಕೂಡ. ಒಂಟಿಯಾಗಿ ಕೇಳಿಸಿಕೊಂಡದ್ದನ್ನು ನಂಬುವುದಕ್ಕಿಂತ ನಾಲ್ಕು ಜನ ಶರಣರ ನಡುವೆ ಇರುವುದೇ ಕ್ಷೇಮ ಎಂಬ ನಿಲುವು.

ಅಕ್ಕಮಹಾದೇವಿ ಇನ್ನೂ ಮುಂದೆ ಹೋಗುತ್ತಾಳೆ. ಗಿಳಿ, ಕೋಗಿಲೆ, ದುಂಬಿ, ಹಂಸ, ನವಿಲುಗಳನ್ನು ಒಂದೊಂದಾಗಿ ನಿಲ್ಲಿಸಿ ಚೆನ್ನಮಲ್ಲಿಕಾರ್ಜುನನನ್ನು ಕಂಡಿರಾ ಎಂದು ವಿಚಾರಿಸುವ ಅವಳ ವಚನದಲ್ಲಿ ಒಂದೂ ಓಗೊಡುವುದಿಲ್ಲ. ಪ್ರಶ್ನೆ ಪ್ರಶ್ನೆಯಾಗಿಯೇ ಉಳಿಯುತ್ತದೆ. ಅಗ್ಗದ ಸಮಾಧಾನವನ್ನು ಅವಳು ತನಗೂ ಕೊಟ್ಟುಕೊಳ್ಳಲಿಲ್ಲ, ನಮಗೂ ಕೊಡಲಿಲ್ಲ. ಆದ್ದರಿಂದಲೇ ಎಂಟು ಶತಮಾನ ಕಳೆದರೂ ನೊಂದವರಿಗೆ ಅವಳು ಹತ್ತಿರದವಳು.

ಹಾಗಾದರೆ ದನಿ ಬರುವುದು ಎಲ್ಲಿಂದ? ಆಯ್ದಕ್ಕಿ ಮಾರಯ್ಯನ ಪ್ರಸಂಗದಲ್ಲಿ ಉತ್ತರವಿದೆ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಹೆಚ್ಚಿನದನ್ನು ತಂದಲ್ಲಿಗೇ ಸುರಿದು ಬರುವಂತೆ ಹೇಳುತ್ತಾಳೆ. ದಾರಿ ತಪ್ಪಿದವನನ್ನು ಎಚ್ಚರಿಸಿದ್ದು ಆಕಾಶವಾಣಿಯಲ್ಲ, ಮನೆಯಾಕೆಯ ಮಾತು. ಕಲ್ಯಾಣದಲ್ಲಿ ಶರಣರ ಮೇಲೆ ಹಿಂಸೆ ನಡೆದು ಎಲ್ಲ ಕುಸಿದಾಗಲೂ ವಚನದ ಕಟ್ಟುಗಳನ್ನು ಹೊತ್ತು ಉಳಿಸಿದವರು ಮನುಷ್ಯರೇ ಎಂದು ಪರಂಪರೆ ನೆನೆಯುತ್ತದೆ. ಊರೂರು ಅಲೆದು ಓಲೆಗರಿ ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅಚ್ಚು ಹಾಕಿಸಿದ ಫ.ಗು. ಹಳಕಟ್ಟಿಯವರೂ ಅದೇ ಸಾಲಿನವರು.

ಪರಂಪರೆಗೆ ದೋಷಗಳೂ ಇವೆ. 15ನೇ ಶತಮಾನದ ‘ಶೂನ್ಯಸಂಪಾದನೆ’ ಬಿಡಿ ವಚನಗಳನ್ನು ಸಂವಾದವಾಗಿ ಹೆಣೆಯಿತು. ಅಲ್ಲಮ ಅಕ್ಕನನ್ನು ಪರೀಕ್ಷಿಸುವ ಪ್ರಸಂಗ ನಾಟಕವಾಗಿ ಅದ್ಭುತ. ಆದರೆ ಅಲ್ಲಿ ಪ್ರತಿ ಸಂದೇಹಕ್ಕೂ ಪರಿಹಾರ ಸಿಗಲೇಬೇಕು, ಪ್ರತಿ ಅಳಲೂ ಸಾಧನೆಯ ಮೇಲಿನ ಸ್ಥಲಕ್ಕೆ ಮೆಟ್ಟಿಲಾಗಲೇಬೇಕು. ಉತ್ತರವಿಲ್ಲದೆ ಬದುಕುವ ಅಕ್ಕನ ಧೈರ್ಯ ಈ ಹೆಣಿಗೆಯಲ್ಲಿ ಮಸುಕಾಗುತ್ತದೆ.

ಇನ್ನೊಂದು ದೋಷ ಗಂಭೀರವಾದದ್ದು. ಬಸವಣ್ಣನ ಆತ್ಮನಿಂದೆಯ ವಚನಗಳು, ಸುತ್ತ ಶರಣರಿದ್ದಾಗ, ಅಹಂಕಾರಕ್ಕೆ ಮದ್ದು. ಖಿನ್ನತೆಯಲ್ಲಿ ಮುಳುಗಿ, ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಕುಳಿತ ಹುಡುಗಿಗೆ ಅವೇ ಮಾತುಗಳು ತಾನು ಕೀಳು ಎಂಬ ನಂಬಿಕೆಯನ್ನು ಗಟ್ಟಿ ಮಾಡಬಹುದು. ಅಂಥವಳಿಗೆ “ಭಕ್ತಿ ಕಮ್ಮಿಯಾಗಿದೆ, ಪೂಜೆ ಮಾಡು” ಎಂದು ಹೇಳುವ ಮನೆಗಳು ನಮ್ಮ ಬಡಾವಣೆಗಳಲ್ಲಿ ಇಂದಿಗೂ ಇವೆ. ಅದು ಕ್ರೌರ್ಯ. ನಿಮ್ಹಾನ್ಸ್‌ನ ವೈದ್ಯರ ಮಾತು, 2022ರಲ್ಲಿ ಶುರುವಾದ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿದಾಗ ಕೇಳುವ ಮಾತು ಕೂಡ ಲಕ್ಕಮ್ಮನ ಮಾತಿನ ಹಾಗೆ ಎಚ್ಚರಿಸಿ ಕೈಹಿಡಿಯುವಂಥದ್ದೇ. ಶರಣರ ತತ್ವಕ್ಕೂ ಅದಕ್ಕೂ ವಿರೋಧವಿಲ್ಲ.

ವಚನ ಪರಂಪರೆಯ ಹಿರಿಮೆ ಅದು ದೇವರ ದನಿ ಕೇಳಿಸುತ್ತೇನೆಂದು ಭರವಸೆ ಕೊಟ್ಟದ್ದರಲ್ಲಿಲ್ಲ. ಆ ದನಿ ಕೇಳದ ದಿನಗಳಲ್ಲಿ ಒಬ್ಬರಿಗೊಬ್ಬರು ಮಾತಾಡಬೇಕಾದ ಹೊಣೆಯನ್ನು ನಮ್ಮ ಮೇಲೆ ಹೊರಿಸಿದ್ದರಲ್ಲಿದೆ. ಜಯಂತಿಯ ವೇದಿಕೆಯಲ್ಲಿ ಅಕ್ಕನ ಉತ್ತರವಿಲ್ಲದ ಪ್ರಶ್ನೆಗೂ ಜಾಗ ಸಿಗಲಿ. ಅದನ್ನು ಹಾಡಿದ ಮೇಲೆ, ಪಕ್ಕದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕುಳಿತವರನ್ನು ವಿಚಾರಿಸುವ ಕೆಲಸವೂ ಶುರುವಾಗಲಿ. ಶರಣಸಂಗ ಎಂದು ನಮ್ಮ ಹಿರಿಯರು ಕರೆದದ್ದು ಇದನ್ನೇ.